ಕೆಂಪಾಚಾರಿಯ ಹೇಸಿಗೆ

ಆಯಿಲ್ ಮುಟ್ಟಲು ಹೇಸುತ್ತಿದ್ದ ಮೆಕ್ಯಾನಿಕ್ ಅಂತ ನಾನು ನೋಡಿದ್ದು ಒಬ್ಬರನ್ನೇ. ಕೆ.ಆರ್. ಪೇಟೆಯಿಂದ ನಾಗಮಂಗಲಕ್ಕೆ ಹೋಗುವ ರಸ್ತೆಯ ಪಕ್ಕ, ಹೊಂಗೆ ಮರದ ಕೆಳಗೆ ತಗಡಿನ ಶೆಡ್ಡು ಹಾಕಿಕೊಂಡಿದ್ದ ಕೆಂಪಾಚಾರಿಯವರು. ಎಂಜಿನ್ನಿನಿಂದ ಆಯಿಲ್ ನೋಡುವ ಅಳತೆ ಕಡ್ಡಿ ಎಳೆಯುವಾಗ ಸತ್ತ ಇಲಿಯ ಬಾಲ ಹಿಡಿದವರಂತೆ ಎರಡೇ ಬೆರಳಲ್ಲಿ ಹಿಡಿಯುವರು. ಮೂಗು ಮೇಲಕ್ಕೆ ಹೋಗುವುದು, ತುಟಿ ಒಂದು ಕಡೆಗೆ ಸೊಟ್ಟಗಾಗುವುದು. ಆಮೇಲೆ ಒಂದೇ ಮಾತು: "ಏಸ್ಗೆ!"

ಅಷ್ಟು ಹೇಸಿಗೆಯಾದರೆ ಈ ಕೆಲಸ ಯಾಕೆ ಎಂದು ನಾನೊಮ್ಮೆ ಕೇಳಿದ್ದೆ. "ನಮ್ಮಪ್ಪ ಗಾಡಿ ಚಕ್ರುಕ್ಕೆ ಪಟ್ಟಿ ಕಟ್ತಿದ್ದ. ಗಾಡಿನೇ ಓದ್ಮೇಲೆ ನಾನೇನ್ ಕಟ್ಲಿ? ಏಸ್ಗೆ ಅಂತ ಒಟ್ಟೆ ಬುಡ್ತದಾ?" ಅಂದರು. ಟೀ ಬಂದರೆ ಕೈ ತೊಳೆಯಲು ಮೊದಲು ಸೀಮೆಎಣ್ಣೆ, ಆಮೇಲೆ ಮರದ ಹೊಟ್ಟು, ಆಮೇಲೆ ಬಟ್ಟೆ ಸೋಪು, ಕೊನೆಗೆ ತೆಂಗಿನ ನಾರು. ಅಷ್ಟರಲ್ಲಿ ಟೀ ಆರಿ ಕೆನೆ ಕಟ್ಟಿರುತ್ತಿತ್ತು. ಅದನ್ನೂ ನೋಡಿ "ಏಸ್ಗೆ" ಅಂದು ಚೆಲ್ಲಿಬಿಡುತ್ತಿದ್ದರು.

ಆದರೆ ಅವರ ನಿಜವಾದ ಹೇಸಿಗೆ ಆಯಿಲ್ ಮೇಲಲ್ಲ, ಗಾಡಿಯ ಮಾಲೀಕರ ಮೇಲೆ. ಸಿಂಧಘಟ್ಟದ ಒಬ್ಬ ಯಜಮಾನರು ಒಮ್ಮೆ ವ್ಯಾನು ತಂದು, ಎಂಜಿನ್ನು ಯಾಕೋ ಗೊರಗೊರ ಅನ್ನುತ್ತಿದೆ ಎಂದರು. ಆಚಾರ್ರು ಒಳಗೆ ಬಗ್ಗಿ ನೋಡಿದರೆ, ಆಯಿಲ್ ಒತ್ತಡ ಕಡಿಮೆಯಾದಾಗ ಉರಿಯುವ ಕೆಂಪು ದೀಪದ ಮೇಲೆ ದೇವರ ಪಟ ಅಂಟಿಸಿದೆ! ಬೆಳಕು ಕಣ್ಣಿಗೆ ಹೊಡೆಯುತ್ತಿತ್ತಂತೆ. ಆಚಾರ್ರು ಕೈ ತೊಳೆದುಕೊಂಡು ಬಂದು, ಪಟವನ್ನು ಹರಿಯದಂತೆ ಬಿಡಿಸಿ, ಕಣ್ಣಿಗೊತ್ತಿಕೊಂಡು, ಬೇರೆ ಕಡೆ ಅಂಟಿಸಿದರು. ಆಮೇಲೆ ತಿರುಗಿದರು.

"ದ್ಯಾವ್ರುನ್ನ ಅಡ್ಡ ಇಟ್ಕಂಡು ಕಣ್ ಮುಚ್ಕತಿಯಲ್ಲ ಗೌಡ, ನಾಚ್ಕೆ ಆಗಾಕಿಲ್ವಾ? ಮನೇಲಿ ಮಗ ಜರ ಬಂದು ಮಲ್ಗಿದ್ರೆ ಮಕಕ್ಕೆ ಬಟ್ಟೆ ಮುಚ್ಬುಟ್ಟು ಗದ್ದೆಗೆ ಓದೀಯಾ?"

ಯಜಮಾನರು ನಕ್ಕರು. ಆಚಾರ್ರು ನಗಲಿಲ್ಲ.

ಆ ಕಾಲಕ್ಕೆ ನನ್ನ ಅಣ್ಣ ಶಿವಣ್ಣ ಒಂದು ಹಳೆಯ ಡೀಸೆಲ್ ಜೀಪು ಕೊಂಡ. ಕೊಡಿಸಿದವನು ಆಚಾರ್ರ ಮಗ ಮಂಜುನಾಥ. ಅಪ್ಪನ ಶೆಡ್ಡಿನಲ್ಲೇ ಕೆಲಸ ಕಲಿತವನು; ಮದುವೆಯಾದ ಮೇಲೆ ಅದನ್ನು ಬಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ಹಳೆಯ ಗಾಡಿಗಳ ವ್ಯಾಪಾರ ಮಾಡುತ್ತಿದ್ದ. ಆಚಾರ್ರ ಮಗನೇ ಕೊಟ್ಟ ಗಾಡಿ ಎಂದು ಅಣ್ಣ ಕಣ್ಣು ಮುಚ್ಚಿ ತಂದ. ಬಿಂಡಿಗನವಿಲೆಗೆ ಜನ ತುಂಬಿಕೊಂಡು ಓಡಾಡತೊಡಗಿದ. ಒಳಗೆ ಕೂತವರು, ಹಿಂದೆ ನೇತಾಡುವವರು, ಮೇಲೆ ಕುರಿ ಕಟ್ಟಿಕೊಂಡವರು.

ಒಂದೆರಡು ತಿಂಗಳಲ್ಲಿ, ಬಿಸಿಯಾದ ಮೇಲೆ ಏರು ಹತ್ತುವಾಗ ಎಂಜಿನ್ನಿನ ಹೊಟ್ಟೆಯೊಳಗಿಂದ ಟಕ್ ಟಕ್ ಎಂದು ಬಡಿಯುವ ಸದ್ದು ಶುರುವಾಯಿತು. ಗಾಡಿ ಓಡುವಾಗ ಕೆಂಪು ದೀಪ ಮಾತ್ರ ಒಮ್ಮೆಯೂ ಹತ್ತಿರಲಿಲ್ಲ. ನಾವಿಬ್ಬರೂ ಜೀಪನ್ನು ಹೊಂಗೆ ಮರದ ಕೆಳಗೆ ತಂದು ನಿಲ್ಲಿಸಿದೆವು.

ಆಚಾರ್ರು ಕಡ್ಡಿ ಎಳೆದರು. ಆಯಿಲ್ ಬೀಳಲೇ ಇಲ್ಲ. ಜೋನಿ ಬೆಲ್ಲದಂತೆ ಎಳೆಯೆಳೆಯಾಗಿ ಜೋತಾಡಿತು. "ಇದು ಆಯಿಲ್ಲಲ್ಲ ಕಣ್ಲಾ, ಗೋಂದು. ಸದ್ದು ಕೇಳ್ದೆ ಇರ್ಲಿ ಅಂತ ಉಯ್ದವ್ರೆ," ಎಂದರು. ಕೀಲಿ ತಿರುಗಿಸಿದರು, ದೀಪ ಹತ್ತಿತು. ಸ್ಟಾರ್ಟ್ ಮಾಡಿದರು, ಆರಿತು. ನೋಡುವವರಿಗೆ ಎಲ್ಲ ಸರಿಯೇ. ಅವರು ಗಾಡಿ ಆರಿಸಿ, ಎಂಜಿನ್ನಿನ ಪಕ್ಕದಲ್ಲಿ ಆಯಿಲ್ ಒತ್ತಡ ತಿಳಿಸುವ ಸ್ವಿಚ್ಚಿಗೆ ಬಂದಿದ್ದ ವೈರನ್ನು ಕಿತ್ತುಹಾಕಿ, ಮತ್ತೆ ಕೀಲಿ ತಿರುಗಿಸಿದರು. ಈಗ ದೀಪ ಹತ್ತಬಾರದು. ಹತ್ತಿತು.

"ನೋಡ್ಲಾ ಶಿವಣ್ಣ, ನಾಲ್ಗೆ ಕಿತ್ತಾಕಿದ್ರೂ ಮಾತಾಡ್ತದೆ. ಯಾವನೋ ಇದ್ರ ವೈರ್ನ ಬ್ಯಾಟ್ರಿ ಚಾರ್ಜಿನ ದೀಪಕ್ಕೆ ಕಟ್ಟವ್ನೆ. ಗಾಡಿ ಸ್ಟಾರ್ಟಾಗಿ ಚಾರ್ಜ್ ಆದೇಟ್ಗೇ ಇದೂ ಆರೋಯ್ತದೆ; ಆಯಿಲ್ ಒತ್ತಡ ಸತ್ತೋದ್ರೂ ನಿಂಗೆ ಗೊತ್ತಾಗಾಕಿಲ್ಲ."

ಸ್ವಿಚ್ಚನ್ನು ಬಿಚ್ಚಿ ಆ ಜಾಗಕ್ಕೆ ತಮ್ಮದೇ ಮೀಟರೊಂದನ್ನು ಕೊಳವೆಯಿಂದ ಕೂಡಿಸಿದರು. ತಣ್ಣಗಿದ್ದಾಗ ಮುಳ್ಳು ಚೆನ್ನಾಗಿಯೇ ಎದ್ದು ನಿಂತಿತು. ಎಂಜಿನ್ನು ಬಿಸಿಯಾಗುತ್ತಾ ಹೋದಂತೆ ಇಳಿಯಿತು, ಇಳಿದು ತಳ ಕಚ್ಚಿತು. ಟಕ್ ಟಕ್ ಶುರುವಾಯಿತು. ಆಚಾರ್ರು ಗಾಡಿ ಆರಿಸಿ, ತಣಿಯುವವರೆಗೆ ಕಾದು, ಕೆಳಗೆ ಮಲಗಿ ಎಂಜಿನ್ನಿನ ತಳದ ಆಯಿಲ್ ಸಂಪು ಇಳಿಸಿದರು.

ತಳದಲ್ಲಿ ಕರಿಯ ರಾಡಿ. ಕೊಚ್ಚೆಯ ಗುಂಡಿಯಿಂದ ಬಾಚಿ ತಂದ ಹಾಗೆ. ಆಯಿಲ್ ಎಳೆದುಕೊಳ್ಳುವ ಜಾಲರಿಗೆ, ಸಂಪಿನ ಅಂಚು ಸೋರದಂತೆ ಬಳಿದಿದ್ದ ಹಳೆಯ ಪೇಸ್ಟಿನ ತುಂಡುಗಳು ಹುಳುಗಳಂತೆ ಹೆಣೆದುಕೊಂಡಿದ್ದವು. ಸುಟ್ಟ, ಕೊಳೆತ ವಾಸನೆ. ಕಡ್ಡಿಯನ್ನೂ ಎರಡೇ ಬೆರಳಲ್ಲಿ ಹಿಡಿಯುವ ಆಚಾರ್ರು ಅಂದು ಮೊಣಕೈವರೆಗೆ ಅದರಲ್ಲಿ ಕೈ ಅದ್ದಿ ತಡಕಿದರು. ಕೈ ತೆಗೆದಾಗ ರಾಡಿಯಲ್ಲಿ ತಾಮ್ರದ ಪುಡಿ ಮಿನುಗುತ್ತಿತ್ತು. ಬೇರಿಂಗು ಸವೆದು ಒಳಗಿನ ತಾಮ್ರ ಉದುರುತ್ತಿದೆ ಎಂದರು. ಏರಿನಲ್ಲಿ ಎಂಜಿನ್ನು ಕಚ್ಚಿಕೊಂಡು ನಿಂತುಬಿಟ್ಟಿದ್ದರೆ ಹಿಂದೆ ನೇತಾಡುವವರ ಗತಿ ಏನು ಎಂದು ಅಣ್ಣ ಬೆವತುಹೋದ.

ಆಮೇಲೆ ಅವರು ಕೈ ತೊಳೆದುಕೊಂಡು ಬಂದು ಡ್ಯಾಶ್‌ಬೋರ್ಡಿನ ಹಿಂದೆ ವೈರು ಹುಡುಕಿದರು. ಜೋಡಿಸಿದ ಜಾಗ ಸಿಕ್ಕಿತು. ಮೇಲಿನ ಟೇಪು ಬಿಚ್ಚಿದರು. ವೈರಿನ ತುದಿಗಳನ್ನು ಹೊಸೆದು, ಹಿಂದಕ್ಕೆ ಮಡಿಸಿ, ಅದರ ಮೇಲೆ ನೂಲಿನ ದಾರ ಒತ್ತೊತ್ತಾಗಿ ಸುತ್ತಿತ್ತು. ಹಾಗೆ ದಾರ ಸುತ್ತುವುದು ಕೆಂಪಾಚಾರಿಯವರ ಕೈಯ ಪದ್ಧತಿ. ಅದನ್ನು ಅವರು ಕಲಿಸಿದ್ದು ಒಬ್ಬನಿಗೇ.

ಆಚಾರ್ರು ಆ ಗಂಟನ್ನು ಕತ್ತರಿಸಿ ತೆಗೆದು, ಮಗನಿಗೆ ಹೇಳಿಕಳುಹಿಸಿದರು. ಮಂಜುನಾಥ ಬಂದ. ಅಪ್ಪ ಆ ಗಂಟನ್ನು ಅಂಗೈ ಮೇಲಿಟ್ಟು ತೋರಿಸಿದರು.

"ಏನಪ್ಪ ಈಗ? ವ್ಯಾಪಾರದಲ್ಲಿ ಎಲ್ರೂ ಮಾಡದೇಯ. ಇಷ್ಟ್ ದಿನ ಓಡ್ನಿಲ್ವಾ?"

"ಜನ ಕೂತ್ಕತರೆ ಕಣ್ಲಾ ಅದ್ರಲ್ಲಿ. ಬಸ್ರಿ ಎಂಗುಸ್ರು ಕೂತ್ಕತರೆ."

"ನಾನೇನ್ ಕೂತ್ಕಳಿ ಅಂದಿದ್ನಾ? ವೈರ್ ಕಟ್ಟದ ಕಲ್ಸಿದ್ದು ನೀನೇ ಅಲ್ವಾ? ಈಗ ಜನದ್ ಮುಂದೆ ನನ್ ಮಾನ ತೆಗೀತಿದ್ದೀಯ."

ಆಚಾರ್ರು ಎದ್ದು ಮರದ ಹಿಂದಕ್ಕೆ ಹೋದರು. ವಾಂತಿ ಮಾಡಿಕೊಂಡ ಸದ್ದು ಕೇಳಿಸಿತು. ಬಾಯಿ ತೊಳೆದು ಬಂದವರು ಮಗನ ಮುಖ ನೋಡದೆ, "ಇನ್ ಈ ಸೆಡ್ಗೆ ಕಾಲಿಕ್ಬ್ಯಾಡ," ಎಂದರು.

ಜೀಪಿನ ಎಂಜಿನ್ನನ್ನು ಅವರೊಬ್ಬರೇ ಕೂತು ಕಟ್ಟಿಕೊಟ್ಟರು. ಬಂದವರಿಗೆಲ್ಲ, ಯಾರೂ ಕೇಳದಿದ್ದರೂ, "ನನ್ ಮಗ ಇಂಗ್ ಮಾಡ್ಬುಟ್ಟ" ಎಂದು ಹೇಳಿದರು. ಇದರಿಂದ ಮಂಜುನಾಥನಿಗೆ ಬುದ್ಧಿ ಬರುತ್ತದೆಂದು ನಾನು ನಂಬಿದ್ದೆ. ಅವನು ಪಾಂಡವಪುರದಲ್ಲಿ ದೊಡ್ಡ ಶೆಡ್ಡು ತೆರೆದ. ನಮ್ಮ ಕಡೆಯವರೇ ಶ್ರೀರಂಗಪಟ್ಟಣದ ಸುತ್ತಮುತ್ತ ಗಾಡಿ ಮಾರುವ ಮುಂಚೆ ಹುಳುಕು ಮುಚ್ಚಿಸಲು ಅವನ ಹತ್ತಿರ ಒಯ್ಯತೊಡಗಿದರು. ಎಲ್ಲ ಗೊತ್ತಿದ್ದೇ ಒಯ್ಯುತ್ತಿದ್ದರು, ಗೊತ್ತಿದ್ದುದಕ್ಕೇ ಒಯ್ಯುತ್ತಿದ್ದರು. ಅವರ ಮುಖ ನೋಡಿದರೆ ನನಗೆ ಆ ಸಂಪಿನ ವಾಸನೆ ಮೂಗಿಗೆ ಅಡರುತ್ತಿತ್ತು. ಹೊಂಗೆ ಮರದ ಕೆಳಗೆ ಗಾಡಿಗಳು ಕಡಿಮೆಯಾದವು.

ನಾನು ಆಚಾರ್ರನ್ನು ಕೊನೆಯ ಸಲ ನೋಡಿದಾಗ ಅವರು ಕೆಲಸ ಬಿಟ್ಟು, ಶೆಡ್ಡಿನ ಬಾಗಿಲಲ್ಲಿ ಬೆಂಚಿನ ಮೇಲೆ ಕೂತಿದ್ದರು. ತುಂಬಾ ಸೊರಗಿದ್ದರು.

"ಪಾಂಡುಪುರದ ಕಡೀಕ್ ಓಗಿದ್ಯಾ?"

"ಹೋಗಿದ್ದೆ."

"ಅವುನ್ತಕೆ ಜನ ಬತ್ತರಾ?"

"ಬಹಳ ಬರ್ತಾರೆ."

"ಥೂ," ಎಂದರು. ನಾನು ಎದ್ದು ಹೊರಟಾಗ, ಬೇರೆಲ್ಲೋ ನೋಡುತ್ತಾ, "ಒತ್ತೊತ್ಗೆ ಉಣ್ತನಂತಾ?" ಎಂದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ.

ಅವರು ತೀರಿಕೊಂಡಾಗ ಮಂಜುನಾಥ ಬಂದು ಎಲ್ಲ ಕಾರ್ಯ ಮಾಡಿದ. ಜನ ಚದುರಿದ ಮೇಲೆ, ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ ನನ್ನ ಹತ್ತಿರ ಬಂದ.

"ನಮ್ಮಪ್ಪ ನನ್ ಇಸ್ಯ ಏನಾರ ಕೇಳ್ತಿದ್ನಾ?"

ಇಲ್ಲ ಅನ್ನುವ ಮಾತು ನಾಲಿಗೆಯವರೆಗೆ ಬಂತು. ಆದರೆ ಅದು ಸುಳ್ಳಾಗುತ್ತಿತ್ತು.

"ನೀನು ಹೊತ್ತುಹೊತ್ತಿಗೆ ಊಟ ಮಾಡ್ತೀಯಾ ಅಂತ ಕೇಳಿದ್ರು," ಎಂದೆ.

ಅವನು ಅಲ್ಲೇ ಕುಕ್ಕರಿಸಿ, ಮೊಣಕಾಲ ನಡುವೆ ಮುಖವಿಟ್ಟು ಬಿಕ್ಕಿದ. ಯಾರಾದರೂ ಬಂದು ಅವನ ಹೆಗಲ ಮೇಲೆ ಕೈ ಇಡಲಿ ಎಂದು ನಾನು ಸುತ್ತ ನೋಡಿದೆ. ಯಾರೂ ಇರಲಿಲ್ಲ. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ನಾನು ಬಸ್ ಸ್ಟ್ಯಾಂಡಿನ ಕಡೆ ನಡೆದೆ.