ಆರತಿಯ ಸುತ್ತು

ಇಳಕಲ್ಲಿನ ನಮ್ಮ ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಮದುವೆಯ ವಿಡಿಯೊ ಎಡಿಟ್ ಮಾಡುವವರೊಬ್ಬರಿದ್ದರು. ಕನ್ನಡಕವನ್ನು ಹಣೆಗೇರಿಸಿ, ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಬರೆದ ಮೇಲೆಯೇ ಅವರು ಕೀಬೋರ್ಡ್ ಮುಟ್ಟುತ್ತಿದ್ದದ್ದು. ಯಾರಾದರೂ ಅವಸರ ಮಾಡಿದರೆ, "ಲೆಕ್ಕ ಸುಳ್ಳು ಹೇಳಂಗಿಲ್ರಿ, ಕುಂದರ್ರಿ" ಎನ್ನುತ್ತಿದ್ದರು.

ಒಮ್ಮೆ ಗುಳೇದಗುಡ್ಡದ ಮದುವೆಯೊಂದರಲ್ಲಿ ಕ್ಯಾಮೆರಾದವನು ಊಟಕ್ಕೆ ಹೋಗಿ ಆರತಿಯನ್ನೇ ತಪ್ಪಿಸಿಕೊಂಡಿದ್ದ. ಇವರು ಆರತಿ ತಟ್ಟೆಯ ಚಿತ್ರವನ್ನು ಬೇರೊಂದು ಲೇಯರ್ ಮಾಡಿ, ಮದುಮಕ್ಕಳ ಫೋಟೊದ ಮುಂದೆ ಮೂರು ಸುತ್ತು ತಿರುಗಿಸಲು ಸೂತ್ರ ಬರೆದರು. ಒಂದು ಸುತ್ತಿಗೆ ಮುನ್ನೂರ ಅರವತ್ತು ಡಿಗ್ರಿಯಂತೆ ಸಾವಿರದ ಎಂಬತ್ತು ಎಂದು ಹಾಕಿದರು. ಆದರೆ ಆ ಸೂತ್ರಕ್ಕೆ ತಿಳಿಯುವುದು ಕೋನದ ಇನ್ನೊಂದು ಅಳತೆಯಾದ ರೇಡಿಯನ್ ಮಾತ್ರ. ಅದರಲ್ಲಿ ಒಂದು ಸುತ್ತೆಂದರೆ ಬರೀ ಆರೂಕಾಲು ಚಿಲ್ಲರೆ. ವಿಡಿಯೊ ನೋಡಲು ಬಂದ ಮದುಮಗಳ ಅಜ್ಜಿಯ ಎದುರಿಗೆ ತಟ್ಟೆ ಫ್ಯಾನಿನಂತೆ ಗಿರಗಿರ ತಿರುಗಿತು.

ಅವರು ವಿಡಿಯೊ ನಿಲ್ಲಿಸಿದರು. "ತಪ್ಪಾತಬೇ ಅಜ್ಜಿ. ಡಿಗ್ರೀನ ರೇಡಿಯನ್ ಮಾಡೂದು ಮರತೇನಿ. ನೂರಾ ಎಪ್ಪತ್ತೆರಡು ಸುತ್ತು ಆಗ್ಯಾವ. ಈಗ ಮೂರ ಮಾಡ್ತೇನಿ."

"ಮುಟ್ಟಬ್ಯಾಡೋ ತಮ್ಮಾ! ಆ ಬೀಗರ ಕಣ್ಣು ನೀ ಕಂಡಿಲ್ಲ. ಮೂರು ಸುತ್ತಿಗೆ ಇಳಿಯೂ ದೃಷ್ಟಿ ಅಲ್ಲ ಅದು!"

ಅವರು ಬೆರಳೆತ್ತಿದರು, ಸುತ್ತು ಬರೆಯದೆ ಇಳಿಸಿದರು.

ಮರುದಿನ ಅವರ ಗೋಡೆಯ ಮೇಲೊಂದು ಚೀಟಿ ಕಂಡಿತು: "ಡಿಗ್ರಿಯನ್ನು ಪೈಯಿಂದ ಗುಣಿಸಿ ನೂರ ಎಂಬತ್ತರಿಂದ ಭಾಗಿಸತಕ್ಕದ್ದು." ಅದರ ಕೆಳಗೆ ಕೆಂಪು ಶಾಯಿಯಲ್ಲಿ, "ಮೊದಲು ಅಜ್ಜಿಯನ್ನು ಕೇಳತಕ್ಕದ್ದು."