ಔಡಲೆಣ್ಣೆ ಹಚ್ಚಿದ ಕೆರೆಮಣ್ಣು

ತೊಗರಿಬೇಳೆಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಹಚ್ಚುವುದನ್ನು ನಾನು ಕಲಿತದ್ದು ಐವತ್ತು ದಾಟಿದ ಮೇಲೆ. ಬೇಳೆಯನ್ನು ಬಿಸಿಲಿಗೆ ಹರವಿ, ಅಂಗೈಗೆ ಒಂದಿಷ್ಟು ಎಣ್ಣೆ ಸುರಿದುಕೊಂಡು, ಎಲ್ಲಕ್ಕೂ ತಾಗುವಂತೆ ತಿಕ್ಕಬೇಕು. ಹಾಗೆ ಮಾಡಿದರೆ ವರ್ಷವಿಡೀ ನುಸಿ ಹತ್ತುವುದಿಲ್ಲ. ಅವ್ವ ಇದ್ದಷ್ಟು ದಿನ ಅದು ಅವಳ ಕೆಲಸವಾಗಿತ್ತು. ಈಗ ಮನೆಯಲ್ಲಿ ನಾನೊಬ್ಬನೇ. ಮೊನ್ನೆ ಬೆಟಗೇರಿಯ ನಮ್ಮ ಅಂಗಳದಲ್ಲಿ ಹಾಗೆ ತಿಕ್ಕುತ್ತ ಕೂತಾಗ ಎಣ್ಣೆಯ ಮಂದ ವಾಸನೆ ಮೂಗಿಗೆ ಹತ್ತಿತು. ಎದ್ದು ಒಳಗೆ ಹೋಗಿ ಅಡುಗೆಮನೆಯ ಗೋಡೆಯ ಮಾಡದಿಂದ ಒಂದು ಗಾಜಿನ ಬಾಟಲಿ ಕೆಳಗಿಳಿಸಿದೆ. ಅದರಲ್ಲಿರುವುದು ಡಂಬಳದ ಕೆರೆಯ ತಳದ ಕರಿಮಣ್ಣು. ಅದಕ್ಕೂ ಎಂದೋ ಔಡಲೆಣ್ಣೆ ಹಚ್ಚಿಯಾಗಿದೆ.

ನೀವು ನಗಬಹುದು. ನಾವೂ ನಕ್ಕಿದ್ದೆವು, ಸ್ವಲ್ಪ ತಡವಾಗಿ.

ವಿಮಲಾ ನನ್ನ ಸೋದರಮಾವನ ಮಗಳು, ಲಕ್ಷ್ಮೇಶ್ವರದವಳು. ಓದಿನಲ್ಲಿ ಚುರುಕು. ಊರಿನವರು ಆಕೆ ಡಾಕ್ಟರಾಗುತ್ತಾಳೆ ಎಂದುಕೊಂಡಿದ್ದರು. ಅವಳು ಆದದ್ದೂ ಡಾಕ್ಟರೇ, ಆದರೆ ರೋಗಿಗಳ ಬದಲು ಮಣ್ಣು ನೋಡುವ ಡಾಕ್ಟರು. ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿರುತ್ತವಷ್ಟೆ. ಅವುಗಳ ಮೈಯ ಪೊರೆ ಕೊಬ್ಬಿನಿಂದ ಆದದ್ದು. ಆ ಕೊಬ್ಬಿನ ಅಭ್ಯಾಸವೇ ಅವಳ ಸಂಶೋಧನೆ. ನಮ್ಮ ಅವ್ವನಿಗೆ ಅವಳು ಹೇಳಿದ ರೀತಿಯಲ್ಲೇ ನಿಮಗೂ ಹೇಳಿಬಿಡುತ್ತೇನೆ, ಅದಕ್ಕಿಂತ ಚಲೋ ಹೇಳಲು ನನಗೆ ಬಾರದು.

"ಅತ್ತಿ, ಥಂಡ್ಯಾಗ ತುಪ್ಪ ಗಟ್ಟಿ ಆಗತೈತಿ, ಬ್ಯಾಸಿಗ್ಯಾಗ ನೀರಾಗತೈತಿ. ಈ ಜೀವಕ್ಕ ಹಂಗ ಆದ್ರ ನಡಿಯೂದಿಲ್ಲ. ಪೊರಿ ನೀರಾದ್ರ ಒಡದು ಸಾಯತೈತಿ, ಗಟ್ಟಿ ಆದ್ರ ಉಸುರು ಕಟ್ಟತೈತಿ. ಅದಕ್ಕ ಬಿಸಲು ಏರಿಧಂಗ ತನ್ನ ಕೊಬ್ಬು ತಾನ ಬದಲಿ ಮಾಡ್ಕೊಂತೈತಿ."

"ಅಷ್ಟ ಸಣ್ಣ ಹುಳಕ್ಕ ಅಷ್ಟ ಬುದ್ಧಿ ಐತಿ," ಅಂದಳು ಅವ್ವ ನನ್ನ ಕಡೆ ನೋಡಿ. "ಈ ನನ್ನ ಮಗನ್ನ ನೋಡು, ಮೇ ತಿಂಗಳದಾಗೂ ಸ್ವೆಟರ್ ಹಾಕ್ಕೊಂಡ ಹಂಗ ಬಿಗದಿರ್ತಾನ."

ಕೆರೆಯಲ್ಲಿ ವರ್ಷವರ್ಷವೂ ಹೂಳು ಪದರಪದರವಾಗಿ ಕೂರುತ್ತದೆ. ಮೇಲಿನ ಪದರದಲ್ಲಿ ಈಗಿನ ಜೀವಿಗಳು, ಕೆಳಗಿನದರಲ್ಲಿ ಯಾವಾಗಲೋ ಸತ್ತವು. ಸತ್ತ ಮೇಲೂ ಕೆಲವು ಕೊಬ್ಬು ಕರಗದೆ ಉಳಿಯುತ್ತವಂತೆ. ಅವುಗಳನ್ನು ತೆಗೆದು ನೋಡಿದರೆ ಆ ಕಾಲದಲ್ಲಿ ಎಷ್ಟು ಸೆಕೆ ಇತ್ತೆಂದು ಅಂದಾಜು ಮಾಡಬಹುದಂತೆ. ಅದಕ್ಕಾಗಿ ಕೆರೆ ಪೂರ್ತಿ ಬತ್ತಬೇಕು. ನಟ್ಟನಡುವೆ ಗುಂಡಿ ತೋಡಿ ಮೇಲಿಂದ ಕೆಳಗಿನವರೆಗೆ ಮಣ್ಣು ತೆಗೆಯಬೇಕು, ಮೊದಲ ಮಳೆಗೆ ಮುಂಚೆ. ಹೀಗೆ ಎಷ್ಟೋ ವರ್ಷಗಳ ಹಿಂದಿನ ಒಂದು ಬೇಸಿಗೆಯಲ್ಲಿ ವಿಮಲಾ ನಮ್ಮ ಮನೆಗೆ ಬಂದು ಇಳಿದಳು. ಗದಗಿನ ಪತ್ರಿಕೆಯೊಂದರಲ್ಲಿ ವರದಿಗಾರನಾಗಿದ್ದ ನಾನು ನನ್ನ ಸ್ಕೂಟರಿನೊಡನೆ ಅವಳ ಸೇವೆಗೆ ನಿಂತೆ.

ಡಂಬಳದ ಕೆರೆಯಂಗಳ ಅಂಗೈಯಗಲದ ಬಿರುಕುಗಳಿಂದ ತುಂಬಿತ್ತು. ವಿಮಲಾ ಗುಂಡಿಯೊಳಗೆ ಇಳಿದಳು. ನಾನು ಮೇಲೆ ಕೊಡೆ ಹಿಡಿದು ನಿಂತೆ. ಅವಳ ಕಟ್ಟುನಿಟ್ಟು ಬಹಳ. ಪ್ಲಾಸ್ಟಿಕ್ ಡಬ್ಬಿ ಕೂಡದು, ಗಾಜೇ ಆಗಬೇಕು. ತಲೆಗೆ ಎಣ್ಣೆ ಹಚ್ಚಿದವರು ಹತ್ತಿರ ಬರಕೂಡದು. ಬರಿಗೈಯಲ್ಲಿ ಮುಟ್ಟಲೇಬಾರದು, ಕೈಯ ಜಿಡ್ಡೂ ಕೊಬ್ಬೇ. ಪ್ರತಿ ಪದರದ ಮಣ್ಣನ್ನೂ ಎರಡೆರಡು ಬಾಟಲಿಗೆ ತುಂಬುತ್ತಿದ್ದಳು: ಒಂದು ಪ್ರಯೋಗಶಾಲೆಗೆ, ಇನ್ನೊಂದು ದಾರಿಯಲ್ಲಿ ಮೊದಲಿನದಕ್ಕೆ ಏನಾದರೂ ಆದರೆ ಇರಲಿ ಎಂದು ಮನೆಯಲ್ಲಿ.

ಎಮ್ಮೆ ಮೇಯಿಸಲು ಬಂದಿದ್ದ ಹಿರಿಯರೊಬ್ಬರು ಬಹಳ ಹೊತ್ತು ನೋಡಿ ಕೇಳಿದರು, "ಏನ್ ಹುಡಕಾಕತ್ತೀರಿ ತಂಗಿ? ಬಂಗಾರೇನು?"

"ಇಲ್ರಿ ಯಜ್ಜಾ, ಕೊಬ್ಬು."

"ಕೊಬ್ಬಿಗೆ ಕೆರಿ ಯಾಕ ಅಗಿತೀರಿ? ನಮ್ಮ ಊರಾಗ ಬರ್ರಿ, ಬೇಕಾದಷ್ಟು ಮಂದಿಗೆ ಐತಿ."

ಗುಂಡಿಯೊಳಗಿಂದ ವಿಮಲಾ ನಕ್ಕ ಸದ್ದು ನನಗಿನ್ನೂ ಕೇಳಿಸುತ್ತದೆ. ಆ ಭೇಟಿಯ ಬಗ್ಗೆ ನಾನು ಬರೆದ ವರದಿ ನೆನಪಿಲ್ಲ. ಯಾರು, ಏನು, ಎಲ್ಲಿ, ಯಾವಾಗ ಎಲ್ಲವೂ ಸರಿಯಾಗಿ ಇದ್ದಿರಬೇಕು. ನಗುವನ್ನು ಹಾಕಲು ಅದರಲ್ಲಿ ಜಾಗವಿರಲಿಲ್ಲ.

ಇನ್ನು ಎಣ್ಣೆಯ ವಿಷಯ. ತಂದ ಬಾಟಲಿಗಳನ್ನು ಅಡುಗೆಮನೆಯ ಮೂಲೆಯಲ್ಲಿಟ್ಟು, ಹೋಲಿಸಿ ನೋಡಲು ಕೆಂಪು ಮಣ್ಣು ಬೇಕೆಂದು ನಾವು ಶಿರಹಟ್ಟಿ ಕಡೆ ಹೋದೆವು. ಬಿಸಿಲಲ್ಲಿ ಸುತ್ತಿ, ಬಸ್ ನಿಲ್ದಾಣದಲ್ಲಿ ಮಿರ್ಚಿ ಭಜಿ ತಿಂದು, ಕಾಗದಕ್ಕೆ ಕೈ ಒರೆಸಿ ಒರೆಸಿ ಸಂಜೆ ಮನೆಗೆ ಬಂದೆವು. ಅವ್ವ ಬಹಳ ಉಲ್ಲಾಸದಲ್ಲಿದ್ದಳು. ಯಾಕೆಂದು ಕೇಳಲಿಲ್ಲ. ಮರುದಿನ ವಿಮಲಾ ಐಸ್ ತುಂಬಿದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಬಾಟಲಿಗಳನ್ನಿಟ್ಟುಕೊಂಡು ರೈಲು ಹತ್ತಿದಳು.

ಮಳೆ ಬಿದ್ದು ಕೆರೆಗೆ ನೀರು ಬಂದ ಮೇಲೆ ಒಂದು ದಿನ ಅವಳ ಫೋನು ಬಂತು.

"ಅತ್ತಿಗೆ ಕೊಡು," ಅಂದಳು. ಅವ್ವನ ಕಿವಿಯ ಪಕ್ಕ ನನ್ನ ಕಿವಿ.

"ಅತ್ತಿ, ಮಣ್ಣಿಗೆ ಔಡಲೆಣ್ಣಿ ಹಚ್ಚಿದ್ರೇನು?"

"ಹೂಂ ಮತ್ತ! ಹಂಗ ಬಿಟ್ರ ನುಸಿ ಹತ್ತೂದಿಲ್ಲೇನು? ನೀ ದಿನಾ ಬಿಸಲಾಗ ನಿಂತು ತಗದ ಮಣ್ಣದು. ಒಂದೊಂದ ಬಾಟ್ಲಿಗೆ ಒಂದ ಚಮಚ ಎಣ್ಣಿ ಹಾಕಿ ಚಂದಂಗ ತಿಕ್ಕೀನಿ. ಮನ್ಯಾಗಿನ ಬಾಟ್ಲಿಗೂ ಹಚ್ಚೀನಿ ಮತ್ತ, ಕಾಳಜಿ ಮಾಡಬ್ಯಾಡ."

ವಿಮಲಾ ಮೆಲ್ಲಗೆ ಅಂದಳು, "ಚಲೋ ಮಾಡೀರಿ ಅತ್ತಿ. ನುಸಿ ಹತ್ತಿಲ್ಲ."

ಆಮೇಲೆ ನನಗೆ ವಿವರಿಸಿದಳು. ಅವಳ ಯಂತ್ರ ಒಂದೊಂದು ಕೊಬ್ಬಿಗೆ ಒಂದೊಂದು ಗೆರೆ ಎಳೆಯುತ್ತದೆ, ಕೊಬ್ಬು ಹೆಚ್ಚಿದ್ದಷ್ಟೂ ಗೆರೆ ಎತ್ತರ. ಈ ಸಲ ಒಂದೇ ಗೆರೆ ಕಪ್ಪತ್ತಗುಡ್ಡದ ಹಾಗೆ ಎದ್ದು ನಿಂತು, ಉಳಿದವೆಲ್ಲ ಅದರ ಬುಡದಲ್ಲಿ ಹುಲ್ಲಾಗಿಬಿಟ್ಟಿದ್ದವು. ಯಾವ ಜೀವಿಯದಿರಬಹುದೆಂದು ಅವಳ ಮಾರ್ಗದರ್ಶಕರು ಗಂಭೀರವಾಗಿ ಯೋಚಿಸುತ್ತಿದ್ದರಂತೆ. "ನಮ್ಮ ಅತ್ತೀದ್ರಿ ಸರ್ ಅಂತ ಹೆಂಗ ಹೇಳ್ಲಿ?" ಅಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಫೋನಿನಲ್ಲಿ ಗೊತ್ತಾಗಲಿಲ್ಲ. ಒಂದು ವರ್ಷದ ಕೆಲಸ ಹೋಗಿತ್ತು. ಕೆರೆ ಮತ್ತೆ ಬತ್ತುವ ತನಕ ಕಾಯಬೇಕಿತ್ತು.

ನಾನು ವಿಷಾದ ವ್ಯಕ್ತಪಡಿಸಿದೆ. ಆದರೆ ಫೋನಿಟ್ಟ ಮೇಲೆ ಅಂಗಳದಲ್ಲಿ ಸುಮ್ಮಸುಮ್ಮನೆ ಎರಡು ಸುತ್ತು ತಿರುಗಿದೆ. ಅವಳು ಮತ್ತೆ ಬರಬೇಕಾಗಿತ್ತಲ್ಲ.

ಮುಂದಿನ ಬೇಸಿಗೆಗೆ ಬಂದಳು. ಅವ್ವ ಈ ಸಲ ಬಾಟಲಿಗಳ ಮುಂದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಓಡಾಡಿದಳು. ಹೊರಡುವ ದಿನ, ಪೆಟ್ಟಿಗೆಗೆ ಐಸ್ ತುಂಬುತ್ತಿದ್ದಾಗ, ಬಾಗಿಲಲ್ಲಿ ನಿಂತು ಕೇಳಿದಳು: "ಇಲ್ಲೇ ಇದ್ದು ಮಾಡಾಕ ಬರೂದಿಲ್ಲೇನು, ನಿನ್ನ ಕೆಲಸ?"

ನಮ್ಮ ಕಡೆ ಅತ್ತೆಯಾದವಳು ಸೋದರಸೊಸೆಯನ್ನು ಹಾಗೆ ಕೇಳಿದರೆ ಅದರ ಅರ್ಥವೇನೆಂದು ಮೂವರಿಗೂ ಗೊತ್ತಿತ್ತು. ವಿಮಲಾ ನನ್ನನ್ನು ನೋಡಿದಳು. ನಾನು ಅವಳನ್ನು ನೋಡಿದೆ. ಆಮೇಲೆ ಇಬ್ಬರೂ ಪೆಟ್ಟಿಗೆ ನೋಡಿದೆವು. ಐಸ್ ಕರಗುತ್ತಿತ್ತು.

"ಅಂಥ ಯಂತ್ರ ಇಲ್ಲೆಲ್ಲಿ ಐತಿ, ಅತ್ತಿ?" ಎಂದಳು. ನಾನು ಪೆಟ್ಟಿಗೆ ಹೊತ್ತುಕೊಂಡೆ.

ಅವಳಿಗೆ ಸಮುದ್ರದಂಡೆಯ ಊರೊಂದರಲ್ಲಿ ಕೆಲಸ ಸಿಕ್ಕಿತು. ಮದುವೆಯಾಗಲಿಲ್ಲ. ನಾನೂ ಆಗಲಿಲ್ಲ. ಕೇಳಿದವರಿಗೆ ಪತ್ರಿಕೆಯ ಪಾಳಿಯ ಕಾರಣ ಹೇಳುತ್ತ ಬಂದೆ. ಪಾಳಿಯಲ್ಲಿದ್ದ ಉಳಿದವರೆಲ್ಲರಿಗೂ ಮಕ್ಕಳು ಮೊಮ್ಮಕ್ಕಳಾದ ಮೇಲೆ ಆ ಕಾರಣ ಸ್ವಲ್ಪ ಸಡಿಲವಾಯಿತು. ಪ್ರತಿ ಮೇ ತಿಂಗಳಲ್ಲಿ ಅವಳ ಒಂದು ಫೋನು ಬರುತ್ತಿತ್ತು. "ಏನ್ರಿ ವರದಿಗಾರ್ರ, ಕೆರಿ ಬತ್ತೇತೇನು?" ಬತ್ತಿದೆ ಎಂದ ವರ್ಷ ಬರುತ್ತಿದ್ದಳು, ಅವ್ವ ತೀರಿಕೊಂಡ ಮೇಲೂ. ಗುಂಡಿ, ಕೊಡೆ, ಮಿರ್ಚಿ. ಒಮ್ಮೆ ಗುಂಡಿಯ ದಂಡೆಯಲ್ಲಿ ಕೂತು ಅವಳು ಹೇಳಿದ್ದುಂಟು: "ಜೀವ ಇದ್ದಾಗಿನ ಕೊಬ್ಬು ಬ್ಯಾರೆ, ಅದಕ್ಕ ಒಂದ ತಲಿ ಒಂದ ಮೈ ಇರತೈತಿ. ಜೀವ ಹೋತಂದ್ರ ಅದ್ರ ತಲಿ ಜಲ್ದಿ ಕಳಚಿ ಬೀಳತೈತಿ. ಉಳದ ಮೈ ಮಾತ್ರ ನೂರಾರು ವರ್ಷ ಹಂಗ ಇರತೈತಿ, ಯಾರರೆ ಬಂದು ನೋಡ್ಲಿ ಅಂತ." ವಿಜ್ಞಾನವನ್ನಷ್ಟೇ ಹೇಳುತ್ತಿದ್ದಳು ಎಂದುಕೊಂಡೆ.

ಆಮೇಲೆ ಡಂಬಳದ ಕೆರೆಗೆ ನದಿಯ ನೀರು ತರುವ ಕೊಳವೆ ಬಂತು. ಕೆರೆ ತುಂಬಿದ ದಿನ ನಾನೇ ಹೋಗಿದ್ದೆ. ಬಾಗಿನ ಬಿಟ್ಟದ್ದು, ರೈತರು ಕಣ್ತುಂಬಿ ನೋಡಿದ್ದು, ಬೋರುಗಳಿಗೆ ಜೀವ ಬಂದದ್ದು ಎಲ್ಲವನ್ನೂ ಬರೆದೆ. ಬರೆದದ್ದು ಒಂದಕ್ಷರವೂ ಸುಳ್ಳಲ್ಲ. ಸುತ್ತಲಿನ ಹೊಲಗಳು ಹಸಿರಾದದ್ದು ನನಗೂ ಸಂತೋಷವೇ. ಆದರೆ ಎಲ್ಲರೂ ನೀರು ನೋಡುತ್ತಿದ್ದಾಗ ನಾನೊಬ್ಬ ಆ ನೀರಿನಡಿ ಗುಂಡಿ ಎಲ್ಲಿತ್ತೆಂದು ಗುರುತು ಹಿಡಿಯಲು ನೋಡುತ್ತಿದ್ದೆ. ಅದನ್ನು ಯಾವ ಪುಟದಲ್ಲಿ ಹಾಕುವುದು?

ಅಲ್ಲಿಂದ ಮೇ ತಿಂಗಳ ಫೋನಿಗೆ ನನ್ನ ಉತ್ತರ "ಇಲ್ಲ" ಎಂದೇ ಆಯಿತು. ಈ ವರ್ಷ ಫೋನೂ ಬರಲಿಲ್ಲ. ಮೇ ಕಳೆದು, ಮುಂಗಾರು ಬಂದು, ಬೇಳೆಗೆ ಎಣ್ಣೆ ಹಚ್ಚಲು ಬಿಸಿಲು ಸಿಕ್ಕರೆ ಸಾಕು ಎನ್ನುವ ದಿನಗಳು ಬಂದವು.

ಮೊನ್ನೆ ಮಾಡದಿಂದ ಇಳಿಸಿದ ಬಾಟಲಿಯನ್ನು ಕೈಯಲ್ಲಿ ಹಿಡಿದೇ ಇದ್ದೆ. ಅವ್ವನ ಎಣ್ಣೆ ಕುಡಿದ ಮಣ್ಣು ಉಂಡೆ ಉಂಡೆಯಾಗಿ ಹಾಗೆಯೇ ಇತ್ತು. ಇನ್ನೊಂದು ಕೈಯಿಂದ ಫೋನು ಮಾಡಿದೆ. ಇಷ್ಟು ವರ್ಷದಲ್ಲಿ ನಾನಾಗಿ ಮಾಡಿದ್ದು ಇದೇ ಮೊದಲು.

"ಏನ್ರಿ ವರದಿಗಾರ್ರ," ಎಂದಳು. ದನಿ ಸಣ್ಣದಾಗಿತ್ತು. "ಕೆರಿ ಬತ್ತೇತೇನು?"

"ಇಲ್ಲ. ತುಂಬೇತಿ."

"ಮತ್ಯಾಕ ಫೋನ್ ಮಾಡೀದಿ?"

"ಕೆರಿ ತುಂಬೇತಿ," ಎಂದೆ. "ಆದ್ರೂ ಬಾ."

ಆ ಕಡೆ ಯಾವುದೋ ಯಂತ್ರ ಗುಂಯ್ ಎನ್ನುತ್ತಿತ್ತು. ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು ಎಂಬುದು ನಮ್ಮ ವೃತ್ತಿಯ ಪಾಠ. ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದೆ.

"ಅತ್ತಿ ಬಾಟ್ಲಿ ಐತೇನು ಇನ್ನೂ?"

"ಕೈಯಾಗ ಐತಿ."

"ಕೈ ತೊಳಕೊಂಡೀಯೇನು?"

"ಇಲ್ಲ. ಬ್ಯಾಳಿಗೆ ಎಣ್ಣಿ ಹಚ್ಚಾಕತ್ತಿದ್ದೆ."

ಗುಂಡಿಯೊಳಗಿನ ಆ ನಗುವೇ ಬಂತು, ಸ್ವಲ್ಪ ಉಬ್ಬಸದೊಂದಿಗೆ. "ಆತು ಬಿಡು. ನಿಂದೂ ಹತ್ತಿತು ಅದಕ್ಕ. ಒರಸಬ್ಯಾಡ, ಹಂಗ ಇಡು. ಬಂದು ನೋಡ್ತೀನಿ."

ಯಾವಾಗ ಎಂದು ಅವಳು ಹೇಳಲಿಲ್ಲ, ನಾನು ಕೇಳಲಿಲ್ಲ. ಪತ್ರಿಕೆಯಲ್ಲಾದರೆ ಖಚಿತವಾಗದ ಸುದ್ದಿ ಎಂದು ಇದನ್ನು ತಡೆಹಿಡಿಯುತ್ತಿದ್ದೆ. ಬಾಟಲಿಯನ್ನು ಮಾಡದಲ್ಲಿಟ್ಟು ಅಂಗಳಕ್ಕೆ ಬಂದೆ. ಹರವಿದ್ದ ಬೇಳೆ ಒಬ್ಬನಿಗಾಗುವಷ್ಟೇ ಇತ್ತು. ಬಿಸಿಲು ಇಳಿಯುವ ಮುಂಚೆ ಅಂಗಡಿಗೆ ಹೋಗಿ ಇನ್ನಷ್ಟು ತಂದೆ.