ಒಂದನೇ ತಾರೀಖಿಗೆ ಮುಂಚೆ ಬರಬಹುದಾ?

ನಮ್ಮ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡದಲ್ಲಿ, ಮೆಟ್ಟಿಲ ಬುಡಕ್ಕೆ ಒತ್ತಿಕೊಂಡಂತೆ ಮೂರು ಕಿಟಕಿಗಳಿವೆ. ಒಂದು ಅರ್ಜಿಗೆ, ಒಂದು ದಾಖಲೆ ತಪಾಸಣೆಗೆ, ಕೊನೆಯದು ವಿಚಾರಣೆಗೆ. ನಾನು ತಪಾಸಣೆಯ ಕಿಟಕಿಗೆ ಬಂದಾಗ ವಿಚಾರಣೆಯ ಕಿಟಕಿಯಲ್ಲಿ ಒಬ್ಬರು ಆಗಲೇ ಇಪ್ಪತ್ತು ವರ್ಷದಿಂದ ಕೂತಿದ್ದರು. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಮೇಲಧಿಕಾರಿಯಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರಿಗೂ ಅವರು ವಿಚಾರಣಮ್ಮ.

ಅವರಪ್ಪ ಇದೇ ಕಟ್ಟಡದಲ್ಲಿ ಗಂಟೆ ಹೊಡೆಯುವ ಕೆಲಸದಲ್ಲಿದ್ದರು. ಮಗಳಿಗೆ ಇಲ್ಲೇ ಸೀಟು ಸಿಕ್ಕ ವರ್ಷ, ತರಗತಿ ಶುರುವಾಗುವುದಕ್ಕೆ ಹದಿನೈದು ದಿನ ಮುಂಚೆ, ಅಪ್ಪ ತೀರಿಕೊಂಡರು. ಹಿಂದೆ ಇಬ್ಬರು ತಮ್ಮಂದಿರಿದ್ದರು. ಅಪ್ಪನ ಜಾಗದಲ್ಲಿ ಮಗಳಿಗೆ ಕೆಲಸ ಕೊಡುತ್ತೇವೆ ಎಂದರು, ಒಪ್ಪಿಕೊಂಡರು. ತರಗತಿಯೊಳಗೆ ಒಂದು ದಿನವೂ ಕೂರದವರು, ತರಗತಿಗೆ ಹೋಗುವ ದಾರಿಯನ್ನು ಸಾವಿರಾರು ಜನಕ್ಕೆ ಹೇಳಿಕೊಟ್ಟರು.

ತರಗತಿ ಶುರುವಾಗುವ ಮುಂಚಿನ ಒಂದು ತಿಂಗಳು ಅವರ ಕಿಟಕಿಗೆ ಉಸಿರಾಡಲು ಪುರುಸೊತ್ತಿರುತ್ತಿರಲಿಲ್ಲ. ಮೂಲ ಅಂಕಪಟ್ಟಿ ತರಬೇಕಾ, ನಕಲು ಸಾಕಾ? ಫೋಟೋ ಎಷ್ಟು? ಹಾಸ್ಟೆಲಿನಲ್ಲಿ ಹಾಸಿಗೆ ಕೊಡ್ತಾರಾ, ಮನೆಯಿಂದ ಹೊರಬೇಕಾ? ಬಿಸಿನೀರು ಬರುತ್ತಾ? ಇಂಗ್ಲಿಷ್ ಬರದಿದ್ದರೆ ಪಾಠ ಅರ್ಥವಾಗುತ್ತಾ? ಉತ್ತರಗಳೆಲ್ಲ ನಾಲಿಗೆಯ ತುದಿಯಲ್ಲಿದ್ದವು. ಒಬ್ಬ ತಂದೆ ಹಾಸ್ಟೆಲಿನಲ್ಲಿ ಸೊಳ್ಳೆ ಇದೆಯಾ ಎಂದು ಕೇಳಿದಾಗ, ಅವಕ್ಕೆ ನಿಮ್ಮ ಮಗನಿಗಿಂತ ಮುಂಚೆಯೇ ಸೀಟು ಸಿಕ್ಕಿದೆ ಅಂದಿದ್ದರು. ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು.

ನಮ್ಮಿಬ್ಬರ ಮೇಜಿನ ನಡುವೆ ಒಂದು ಮರದ ಅಡ್ಡಗಟ್ಟು, ಅದರ ಮೇಲೆ ಫೋನು. ಬಂದ ಪ್ರತಿ ಕರೆಯ ತಾರೀಖು, ನಂಬರು, ಕೇಳಿದ ಪ್ರಶ್ನೆ, ಕೊಟ್ಟ ಉತ್ತರ ನಾಲ್ಕನ್ನೂ ಒಂದು ಉದ್ದನೆಯ ಪುಸ್ತಕದಲ್ಲಿ ಬರೆಯಬೇಕು ಎಂಬುದು ಕಚೇರಿಯ ನಿಯಮ. ಹಿಂದಿದ್ದವರು ಯಾರೂ ಸರಿಯಾಗಿ ಬರೆದಿರಲಿಲ್ಲ. ವಿಚಾರಣಮ್ಮ ಒಂದನ್ನೂ ಬಿಡುತ್ತಿರಲಿಲ್ಲ.

ಒಂಬತ್ತು ವರ್ಷ ಅವರ ಪಕ್ಕದಲ್ಲಿ ಕೂತ ಮೇಲೆ, ಆ ವರ್ಷ, ಒಬ್ಬಳು ಹುಡುಗಿ ಹತ್ತು ದಿನದಲ್ಲಿ ನಾಲ್ಕು ಸಲ ಫೋನ್ ಮಾಡಿದಳು. ಸದ್ದು ಕಮ್ಮಿ, ಯಾರಿಗೂ ಕೇಳಿಸಬಾರದೆಂಬಂತೆ ಮಾತು. ಹಾಗಾಗಿ ವಿಚಾರಣಮ್ಮ ಅವಳ ಪ್ರಶ್ನೆಯನ್ನು ತಿರುಗಿ ಜೋರಾಗಿ ಹೇಳಿ ಖಚಿತ ಮಾಡಿಕೊಳ್ಳುತ್ತಿದ್ದರು. ನನಗೂ ಅದು ಕೇಳಿಸುತ್ತಿತ್ತು. ಮೊದಲ ಸಲ, ಹಾಸ್ಟೆಲ್ ಯಾವತ್ತು ತೆರೆಯುತ್ತೆ? ಒಂದನೇ ತಾರೀಖು ಬೆಳಗ್ಗೆ ಹತ್ತಕ್ಕೆ. ಎರಡನೇ ಸಲ, ಅದಕ್ಕೆ ಮುಂಚೆ ಬರಬಹುದಾ? ಬರುವ ಹಾಗಿಲ್ಲ. ಮೂರನೇ ಸಲ, ರೂಮಿನ ಬಾಗಿಲಿಗೆ ಒಳಗಡೆಯಿಂದ ಚಿಲಕ ಇರುತ್ತಾ? ಇರುತ್ತೆ. ನಾಲ್ಕನೇ ಸಲ, ಮೂಲ ಅಂಕಪಟ್ಟಿ ಮನೆಯಲ್ಲಿ ಬೇರೆಯವರ ಹತ್ತಿರ ಇದ್ದರೆ, ಅದಿಲ್ಲದೆ ಸೇರಿಸಿಕೊಳ್ಳುತ್ತೀರಾ? ಅದಿಲ್ಲದೆ ಬರಲೇಬೇಡ, ಸುಮ್ಮನೆ ಓಡಾಟ ಎಂದರು ವಿಚಾರಣಮ್ಮ. ನಾಲ್ಕೂ ನಿಯಮದ ಪ್ರಕಾರ ಸರಿಯಾದ ಉತ್ತರಗಳೇ. ನಾಲ್ಕೂ ಪುಸ್ತಕಕ್ಕೆ ಹತ್ತಿದವು.

ಇಪ್ಪತ್ತೆಂಟನೇ ತಾರೀಖು ಮಧ್ಯಾಹ್ನ ಗೇಟಿನ ಕಾವಲುಗಾರ ಫೋನ್ ಮಾಡಿದ. ಒಬ್ಬಳು ಹುಡುಗಿ ಬ್ಯಾಗು ಹಿಡಿದುಕೊಂಡು ಬಂದಿದ್ದಾಳೆ, ಹಾಸ್ಟೆಲ್ ಅಂತಾಳೆ, ಏನು ಮಾಡಲಿ ಎಂದು ಕೇಳಿದ. ಕಿಟಕಿಯ ಮುಂದೆ ನಲವತ್ತು ಜನ ನಿಂತಿದ್ದರು. ವಿಚಾರಣಮ್ಮ ತಲೆ ಎತ್ತಲಿಲ್ಲ.

"ಒಂದನೇ ತಾರೀಖಿಗೆ ಬರೋಕೆ ಹೇಳಪ್ಪ. ಪತ್ರದಲ್ಲಿ ಬರ್ದಿರೋದು ಓದೋಕೆ ಬರಲ್ಲ, ಎಂಎಸ್ಸಿ ಓದೋಕೆ ಬಂದಿದ್ದಾಳೆ" ಅಂದರು.

ನಾನೂ ನಕ್ಕೆ. ಅದನ್ನು ಇಲ್ಲಿ ಬಚ್ಚಿಟ್ಟುಕೊಳ್ಳುವುದರಲ್ಲಿ ಅರ್ಥವಿಲ್ಲ.

ಒಂದನೇ ತಾರೀಖು ಬಂತು, ಹೋಯಿತು. ಸೇರಿದವರ ಪಟ್ಟಿಯಲ್ಲಿ ಮೂರು ಹೆಸರಿನ ಮುಂದೆ ಗುರುತು ಬೀಳಲಿಲ್ಲ. ಪ್ರತಿ ವರ್ಷ ಅಷ್ಟು ಜನ ಬರದೆ ಉಳಿಯುತ್ತಾರೆ, ಬೇರೆ ಕಡೆ ಸೇರಿರುತ್ತಾರೆ. ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ಹನ್ನೆರಡನೇ ತಾರೀಖು, ಸಾಲು ಕರಗಿದ ಮೇಲೆ, ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ವಿಚಾರಣೆಯ ಕಿಟಕಿಗೆ ಬಂದಳು. ತಂಗಿಯ ಪ್ರವೇಶ ಪತ್ರವನ್ನು ನಾಲ್ಕು ಮಡಿಕೆ ಮಾಡಿ ಕೈಯಲ್ಲಿ ಹಿಡಿದಿದ್ದಳು. ತಂಗಿ ಅರ್ಜಿಯ ಜೊತೆ ಆರು ಫೋಟೋ ಕಳಿಸಿದ್ದಳಂತೆ, ಒಂದು ವಾಪಸ್ ಸಿಗುತ್ತದಾ ಎಂದು ಕೇಳಿದಳು. ಮನೆಯಲ್ಲಿ ಅವಳ ಫೋಟೋ ಒಂದೂ ಇಲ್ಲ ಅಂದಳು. ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ ಅದು. ತಂಗಿ ಬೇರೆ ಕಡೆ ಸೇರಿದಳಾ ಎಂದು ವಿಚಾರಣಮ್ಮ ಕೇಳಿದರು.

"ತೀರಿಕೊಂಡ್ಲು. ಇಪ್ಪತ್ತೊಂಬತ್ತನೇ ತಾರೀಖು. ಮೆಟ್ಟಿಲಿಂದ ಜಾರಿಬಿದ್ದು ತಲೆಗೆ ಏಟಾಯ್ತು."

ದಿನಕ್ಕೆ ನೂರು ಸಲ ಬಾಯಿಪಾಠದ ಉತ್ತರ ಹೇಳುವವರಿಗೆ ಇನ್ನೊಬ್ಬರ ಬಾಯಿಪಾಠ ಗೊತ್ತಾಗದೆ ಇರುವುದಿಲ್ಲ. ವಿಚಾರಣಮ್ಮ ಪ್ರವೇಶ ಪತ್ರ ಬಿಡಿಸಿ ಫೋನ್ ನಂಬರು ನೋಡಿದರು. ಉದ್ದನೆಯ ಪುಸ್ತಕ ಎಳೆದುಕೊಂಡು ಹಿಂದಿನ ಪುಟಗಳನ್ನು ತಿರುವಿದರು. ಒಂದು ಕಡೆ ಬೆರಳು ನಿಂತಿತು. ಆ ಹೆಂಗಸನ್ನು ಕಿಟಕಿಯಿಂದ ಒಳಗೆ ಕರೆಸಿ, ನನ್ನ ಕುರ್ಚಿಯನ್ನೇ ಎಳೆದು ಕೂರಿಸಿ, ನೀರು ಕೊಟ್ಟರು. ಆಮೇಲೆ ಬಹಳ ಮೆತ್ತಗೆ ಕೇಳಿದರು.

"ನಿನ್ನ ತಂಗಿ ಮಲಗೋ ಕೋಣೆಗೆ ಚಿಲಕ ಇರ್ಲಿಲ್ವೇನಮ್ಮ?"

ಅವಳು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಳು. ಗೇಟಿನ ಹೊರಗೆ ಗಾಡಿಯಲ್ಲಿ ಗಂಡ ಕಾಯುತ್ತಿದ್ದಾನೆ, ಹೋಗಬೇಕು ಅಂದಳು. ಆದರೆ ಏಳಲಿಲ್ಲ.

"ಇತ್ತು. ಇವರೇ ಬಿಚ್ಚಿಸಿದ್ರು" ಅಂದಳು.

ಅಷ್ಟೇ. ಆಮೇಲೆ ಫೋಟೋ ತೆಗೆದುಕೊಂಡು, ಅದನ್ನು ರವಿಕೆಯೊಳಗೆ ಇಟ್ಟುಕೊಂಡು ಹೋದಳು. ತಾಯಿ ಸತ್ತ ಮೇಲೆ ತಂಗಿ ಇವರ ಮನೆಯಲ್ಲೇ ಬೆಳೆದವಳು, ಅಂಕಪಟ್ಟಿಗಳನ್ನು ಭಾವ ತನ್ನ ಕಪಾಟಿನಲ್ಲಿಟ್ಟು ಬೀಗ ಹಾಕಿದ್ದ ಎಂಬುದೆಲ್ಲ ನಮಗೆ ನಂತರ ತಿಳಿಯಿತು.

ಆ ದಿನ ಮಧ್ಯಾಹ್ನ ವಿಚಾರಣಮ್ಮ ಬುತ್ತಿ ಬಿಚ್ಚಲಿಲ್ಲ. ಗೇಟಿಗೆ ಹೋಗಿ ಕಾವಲುಗಾರನ ಪುಸ್ತಕ ನೋಡಿ ಬಂದರು. ಇಪ್ಪತ್ತೆಂಟರಂದು ವಾಪಸ್ ಕಳಿಸಿದ್ದು ಅವಳನ್ನೇ. ಮೂರು ತಾಸು ಮೋರಿಯ ಕಟ್ಟೆಯ ಮೇಲೆ ಕೂತಿದ್ದಳು, ಒಂದು ಗಾಡಿ ಬಂತು, ಗಾಡಿಯವನು ಇಳಿದು ಬ್ಯಾಗು ಎತ್ತಿಕೊಂಡ, ಅವಳು ಹಿಂದೆ ಹೋಗಿ ಹತ್ತಿದಳು, ಮನೆಯವರು ಅಂದುಕೊಂಡೆ ಎಂದು ಕಾವಲುಗಾರ ಹೇಳಿದ. ಹೇಳುತ್ತಾ ಅವನೂ ಅತ್ತನಂತೆ.

ಮರುದಿನ ಅವರು ಫೋನ್ ಪುಸ್ತಕದ ನಾಲ್ಕು ಪುಟಗಳನ್ನೂ ಗೇಟಿನ ಪುಸ್ತಕದ ಒಂದು ಪುಟವನ್ನೂ ನಕಲು ಮಾಡಿಸಿ ಪೊಲೀಸ್ ಠಾಣೆಗೆ ಕೊಟ್ಟು ಬಂದರು. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಸುದ್ದಿ ಮೇಲೆ ಹೋಗಲು ಎರಡು ದಿನ ಸಾಕಾಯಿತು. ರಿಜಿಸ್ಟ್ರಾರ್ ಕರೆಸಿದರು. ಅವರು ಕೆಟ್ಟ ಮನುಷ್ಯರಲ್ಲ, ಆದರೆ ಬೆಂಕಿ ತನ್ನ ಸೂರಿಗೆ ಹತ್ತಬಾರದು ಎನ್ನುವ ಜಾತಿ. ಹುಡುಗಿ ಗೇಟಿನ ತನಕ ಬಂದಿದ್ದಳು ಎಂದರೆ ನಾಳೆ ಪತ್ರಿಕೆಯವರು ನಮ್ಮನ್ನೇ ಕೊಂದವರು ಅನ್ನುತ್ತಾರೆ, ಆ ವಿಷಯ ನಮಗೆ ಗೊತ್ತಿರಲಿಲ್ಲ ಎಂದುಬಿಡಿ ಎಂದು ಸಮಾಧಾನವಾಗಿಯೇ ಹೇಳಿದರಂತೆ.

"ನನಗೆ ಗೊತ್ತಿದೆಯಲ್ಲ ಸಾರ್" ಎಂದು ಹೇಳಿ ವಿಚಾರಣಮ್ಮ ಎದ್ದು ಬಂದರು.

ಇಲಾಖೆಯ ಪುಸ್ತಕವನ್ನು ಅನುಮತಿ ಇಲ್ಲದೆ ಹೊರಗೆ ಒಯ್ದ ತಪ್ಪಿಗೆ ಅವರನ್ನು ನೆಲಮಾಳಿಗೆಯ ಹಳೆ ಕಡತದ ಕೋಣೆಗೆ ಹಾಕಿದರು. ಕಿಟಕಿ ಇಲ್ಲದ ಕೋಣೆ. ಗೆದ್ದಲಿಗೂ ಅವರಿಗೂ ಸಮ ಪಾಲು. ವಿಚಾರಣೆಯ ಕಿಟಕಿಗೆ ನನ್ನನ್ನು ಕೂರಿಸಿದರು.

ಪೊಲೀಸರು ಭಾವನ ಮೇಲೆ ಮೊಕದ್ದಮೆ ಹಾಕಿದರು. ವಿಚಾರಣಮ್ಮ ಒಂದು ಸಂಜೆ ನಮ್ಮ ಮನೆಗೆ ಬಂದರು. ಹುಡುಗಿ ಕೇಳಿದ್ದನ್ನು ನೀನೂ ಕೇಳಿಸಿಕೊಂಡಿದ್ದೆ, ಕಾವಲುಗಾರ ಫೋನ್ ಮಾಡಿದ್ದೂ ನಿನಗೆ ಗೊತ್ತು, ಸಾಕ್ಷಿ ಹೇಳುತ್ತೀಯಾ ಎಂದು ಕೇಳಿದರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ನಮ್ಮ ಯಜಮಾನರು ಬಾಗಿಲ ಹತ್ತಿರ ನಿಂತು ನನ್ನನ್ನೇ ನೋಡುತ್ತಿದ್ದರು. ನನಗೆ ಸರಿಯಾಗಿ ಕೇಳಿಸಿರಲಿಲ್ಲ ಎಂದು ಹೇಳಿದೆ. ಅವರು ಆಗಲಿ ಎಂದು ಕಾಫಿ ಕುಡಿದು ಲೋಟ ಇಟ್ಟು ಹೋದರು. ಇನ್ನೊಂದು ಸಲ ಕೇಳಲಿಲ್ಲ. ಮಾತು ಬಿಡಲೂ ಇಲ್ಲ. ಬಿಟ್ಟಿದ್ದರೆ ನನಗೆ ಹಗುರವಾಗುತ್ತಿತ್ತು.

ಮೊಕದ್ದಮೆ ಒಂದೂವರೆ ವರ್ಷ ನಡೆಯಿತು. ಅಕ್ಕ ಕಟಕಟೆಯಲ್ಲಿ ನಿಂತು, ತಂಗಿ ಜಾರಿಬಿದ್ದಳು, ಚಿಲಕದ ಮಾತು ತಾನು ಆಡೇ ಇಲ್ಲ ಎಂದಳು. ವಿಚಾರಣಮ್ಮನ ಸರದಿ ಬಂದ ದಿನ ನಾನು ರಜೆ ಹಾಕಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಭಾವನ ವಕೀಲರು ಬಹಳ ಮರ್ಯಾದೆಯಿಂದ ಮಾತಾಡಿದರು. ಚಿಲಕ ಇದೆಯಾ, ಬೇಗ ಬರಬಹುದಾ ಎಂಬಂಥ ಪ್ರಶ್ನೆಗಳನ್ನು ಬೇರೆ ಹುಡುಗಿಯರೂ ಕೇಳುತ್ತಾರಲ್ಲವೇ ಎಂದರು. ವಿಚಾರಣಮ್ಮ ಇಲ್ಲ ಎನ್ನಬಹುದಿತ್ತು. ಎಂದೂ ತಪ್ಪು ಉತ್ತರ ಕೊಟ್ಟವರಲ್ಲ.

"ಕೇಳ್ತಾರೆ. ವರ್ಷಕ್ಕೆ ನಾಲ್ಕೈದು ಹುಡುಗೀರು ಕೇಳ್ತಾರೆ."

ಹಾಗಾದರೆ ಇದು ಮಾಮೂಲಿ ಪ್ರಶ್ನೆ ಅಂತಾಯಿತು ಎಂದು ವಕೀಲರು ಕೂತರು. ವಿಚಾರಣಮ್ಮ ಕಟಕಟೆಯಿಂದ ಇಳಿಯಲಿಲ್ಲ. ಹೋಗಬಹುದು ಎಂದು ಎರಡು ಸಲ ಹೇಳಬೇಕಾಯಿತು. ಹೊರಗೆ ಬಂದವರು ಮೆಟ್ಟಿಲ ಮೇಲೆ ಕೂತುಬಿಟ್ಟರು. ಸೋತ ದುಃಖ ಅಂದುಕೊಂಡು ನಾನು ಏನೋ ಸಮಾಧಾನ ಹೇಳಹೊರಟೆ. ಅವರು ನನ್ನ ಮಾತು ಕೇಳುತ್ತಲೇ ಇರಲಿಲ್ಲ.

"ವರ್ಷಕ್ಕೆ ನಾಲ್ಕೈದು" ಅಂದರು. "ಇಪ್ಪತ್ತೊಂಬತ್ತು ವರ್ಷ. ಅವ್ರೆಲ್ಲ ಏನಾದ್ರೇ?"

ಭಾವ ಬಿಡುಗಡೆಯಾದ. ಈಗಲೂ ಅದೇ ಮನೆಯಲ್ಲಿದ್ದಾನೆ.

ವಿಚಾರಣಮ್ಮ ಕೂತಿದ್ದ ನೆಲಮಾಳಿಗೆಯಲ್ಲೇ ಹಳೆಯ ಫೋನ್ ಪುಸ್ತಕಗಳೂ ಇದ್ದವು. ಎಲ್ಲವೂ ಅವರದೇ ಕೈಬರಹ. ನಿವೃತ್ತಿಗೆ ಉಳಿದಿದ್ದ ಹದಿನಾಲ್ಕು ತಿಂಗಳು ಅವರು ಅವನ್ನು ಪುಟ ಪುಟವಾಗಿ ಓದಿದರು. ಮುಂಚೆ ಬರಬಹುದಾ, ಒಳಗೆ ಚಿಲಕವಿದೆಯಾ, ಮನೆಗೆ ಪತ್ರ ಹೋಗದಂತೆ ಮಾಡುತ್ತೀರಾ, ರಜೆಯಲ್ಲೂ ಹಾಸ್ಟೆಲಿನಲ್ಲೇ ಇರಬಹುದಾ ಎಂದು ಕೇಳಿದವರ ನಂಬರುಗಳನ್ನು ಬೇರೆ ಹಾಳೆಗೆ ಇಳಿಸಿದರು. ನೂರಾ ಮೂವತ್ತೊಂದಾದವು. ಮನೆಗೆ ಹೋಗಿ, ತಮ್ಮಂದಿರ ಬೈಗುಳ ಕೇಳಿಕೊಂಡು, ಒಂದೊಂದಕ್ಕೇ ಫೋನ್ ಮಾಡಿದರು. ಬಹುಪಾಲು ನಂಬರುಗಳು ಸತ್ತಿದ್ದವು. ಒಬ್ಬಳು, ಸೇರಿದ್ದೆ, ಓದಿದೆ, ಈಗ ಟೀಚರ್ ಆಗಿದ್ದೇನೆ, ನೀವು ಯಾರು ಎಂದಳು. ಕೆಲವು ಮನೆಗಳಲ್ಲಿ ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಫೋನ್ ಕುಕ್ಕಿದರು. ಒಬ್ಬ ಮುದುಕಿ ವಿಶ್ವವಿದ್ಯಾಲಯದ ಹೆಸರು ಕೇಳಿದ ತಕ್ಷಣ ಅಳಲು ಶುರು ಮಾಡಿದಳಂತೆ. ಅವಳ ಅಳು ನಿಲ್ಲುವ ತನಕ ಇವರು ಫೋನ್ ಇಡಲಿಲ್ಲ.

ಆ ಪಟ್ಟಿಯನ್ನು ನಂಬರು ಬಿಟ್ಟು, ಪ್ರಶ್ನೆ ಮತ್ತು ತಾರೀಖು ಮಾತ್ರ ಬರೆದು ಮೇಲಕ್ಕೆ ಕಳಿಸಿದರು. ಹಾಸ್ಟೆಲಿನ ಒಂದು ಕೋಣೆಯನ್ನು ವರ್ಷವಿಡೀ ತೆರೆದಿಡಬೇಕು, ಕಾಗದ ಪತ್ರ ಆಮೇಲೆ ಕೇಳಬೇಕು ಎಂದು ಕೊನೆಯಲ್ಲಿ ಎರಡು ಸಾಲು. ಅವರು ನಿವೃತ್ತರಾಗಿ ಎಂಟು ತಿಂಗಳಿಗೆ, ಹೊಸ ರಿಜಿಸ್ಟ್ರಾರ್ ಬಂದ ಮೇಲೆ, ಅದಕ್ಕೆ ಒಪ್ಪಿಗೆ ಸಿಕ್ಕಿತು. ನಾಲ್ಕು ಮಂಚದ ಕೋಣೆ. ಮೊದಲ ವರ್ಷ ಯಾರೂ ಬರಲಿಲ್ಲ. ಎರಡನೇ ವರ್ಷ ವಾರ್ಡನ್ ಅದರಲ್ಲಿ ಹಳೆ ಹಾಸಿಗೆ ತುಂಬಿಸಿದ್ದರು. ಜನ್ಮದಲ್ಲಿ ಒಮ್ಮೆ ದನಿ ಏರಿಸಿ ಜಗಳವಾಡಿ ನಾನು ಖಾಲಿ ಮಾಡಿಸಿದೆ.

ಕಳೆದ ವರ್ಷ, ಒಂದನೇ ತಾರೀಖಿಗೆ ಹನ್ನೊಂದು ದಿನ ಇರುವಾಗ, ಒಬ್ಬಳು ಫೋನ್ ಮಾಡಿ ಮುಂಚೆ ಬರಬಹುದಾ ಎಂದಳು. ಈಗಲೇ ಹೊರಡು ಅಂದೆ. ಸಂಜೆಯೊಳಗೆ ಬಂದಳು. ಏನಾಗಿತ್ತೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಕೋಣೆಗೆ ಬಿಟ್ಟು, ಸೀದಾ ವಿಚಾರಣಮ್ಮನ ಮನೆಗೆ ಹೋದೆ. ಅವರಿಗೆ ಆಗಲೇ ಕಣ್ಣಿನ ಪೊರೆ ಬಲಿತಿತ್ತು, ಬಾಗಿಲಲ್ಲಿ ನಿಂತವಳು ನಾನೆಂದು ದನಿಯಿಂದ ಗುರುತಿಸಿದರು. ಒಬ್ಬಳು ಬಂದಿದ್ದಾಳೆ ಅಂದೆ. ಸಂತೋಷಪಡುತ್ತಾರೆ ಎಂದುಕೊಂಡಿದ್ದೆ.

"ಒಂದನೇ ತಾರೀಖಿನ ತನಕ ಅಡುಗೆಮನೆ ತೆರೆಯಲ್ವಲ್ಲೇ" ಅಂದರು. "ಊಟಕ್ಕೆ ಏನು ಮಾಡ್ತಾಳೆ?"

ನನಗೆ ಅದು ಹೊಳೆದೇ ಇರಲಿಲ್ಲ. ಅವರು ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಇದ್ದ ಅನ್ನ ಸಾರನ್ನು ಎರಡು ಡಬ್ಬಿಗೆ ತುಂಬಿ ಕೊಟ್ಟರು. ಹನ್ನೊಂದು ದಿನವೂ ನಾನು ಅಲ್ಲಿಂದಲೇ ಒಯ್ದೆ. ಆ ಹುಡುಗಿ ಈಗ ಎರಡನೇ ವರ್ಷದಲ್ಲಿದ್ದಾಳೆ. ರಜೆಗೆ ಮನೆಗೆ ಹೋಗುವುದಿಲ್ಲ.